ಕಾಲೇಜು ಸಂಘದ ಖಜಾಂಚಿಯಾದಿರಾ? ಮೊದಲು ಹಳೇ ಕಿರ್ದಿ ಕೇಳಿ

ದಾವಣಗೆರೆಯ ದಲ್ಲಾಲಿ ಅಂಗಡಿಗಳಲ್ಲಿ ಹಳೇ ಗುಮಾಸ್ತರು ಸಂಜೆ ಬಾಗಿಲು ಎಳೆಯುವ ಮುಂಚೆ ಕಿರ್ದಿ (ದಿನದ ಜಮಾ-ಖರ್ಚಿನ ಪುಸ್ತಕ) ಬರೆದು, ಗಲ್ಲಾಪೆಟ್ಟಿಗೆಯ ದುಡ್ಡು ಎಣಿಸಿ, ಎರಡನ್ನೂ ತಾಳೆ ನೋಡುತ್ತಿದ್ದರು. ಕಾಲೇಜಿನ ಕನ್ನಡ ಸಂಘಕ್ಕೋ ನಾಟಕ ತಂಡಕ್ಕೋ ಖಜಾಂಚಿಯಾದವರು ಮಾಡಬೇಕಾದ್ದು ಇಷ್ಟೇ. ಆದರೆ ವಿದ್ಯಾರ್ಥಿ ಸಂಘಗಳಲ್ಲಿ ಲೆಕ್ಕ ಬರೆಯುವುದು ಕಾರ್ಯಕ್ರಮ ಮುಗಿದ ಮೂರು ವಾರಕ್ಕೆ, ನೆನಪಿನಿಂದ, ಅದೂ ಯಾರೋ ಕೇಳಿದ ಮೇಲೆ. ಇಂಥ ಕಡೆ ದುಡ್ಡು ಕಳುವಾಗುವುದು ಅಪರೂಪ. ಚೀಟಿ ಕಳೆಯುತ್ತದೆ, ಆಮೇಲೆ ಹೆಸರು ಕೆಡುತ್ತದೆ.

ಅಧಿಕಾರ ವಹಿಸಿಕೊಳ್ಳುವ ದಿನ

ಹಿಂದಿನ ಖಜಾಂಚಿ ಎದುರಿಗಿರುವಾಗಲೇ ಮೂರು ಅಂಕಿ ಬರೆದುಕೊಳ್ಳಿ: ಕಿರ್ದಿಯ ಆಖೈರು ಶಿಲ್ಕು (ಕೊನೆಗೆ ಉಳಿದ ಮೊತ್ತ), ಪಾಸ್‌ಬುಕ್ಕಿನ ಶಿಲ್ಕು, ಕೈಯಲ್ಲಿರುವ ನಗದು. ಕಿರ್ದಿಯ ಬ್ಯಾಂಕ್ ಶಿಲ್ಕೂ ಪಾಸ್‌ಬುಕ್ಕೂ ಹೊಂದದಿದ್ದರೆ ಗಾಬರಿ ಬೇಡ, ಕಾರಣ ಹುಡುಕಿ. ಪಾಸ್‌ಬುಕ್ಕಿನಲ್ಲಿ 18,460 ರೂ. ಇದೆ ಎನ್ನಿ. ಮೈಕ್ ಸೆಟ್‌ನವರಿಗೆ ಕೊಟ್ಟ 2,500 ರೂ. ಚೆಕ್ ಇನ್ನೂ ಬ್ಯಾಂಕಿಗೆ ಬಂದಿಲ್ಲ. ಹಾಗಾದರೆ ಸಂಘದ ನಿಜವಾದ ಬ್ಯಾಂಕ್ ಶಿಲ್ಕು 15,960. ಕೈಯಲ್ಲಿ 740 ಇದ್ದರೆ ಒಟ್ಟು 16,700. ಆ ಅಂಕಿಯನ್ನು ಅಕ್ಷರದಲ್ಲೂ ಬರೆದು ಇಬ್ಬರೂ ಸಹಿ ಹಾಕಿ, ಸಂಘದ ಸಲಹೆಗಾರ ಪ್ರಾಧ್ಯಾಪಕರ ಸಹಿಯನ್ನೂ ಪಡೆಯಿರಿ. ಚೆಕ್ ಪಡೆದವರು ಮೂರು ತಿಂಗಳೊಳಗೆ ಹಾಕದಿದ್ದರೆ ಅದು ಸತ್ತ ಚೆಕ್. ಆಗ ಆ 2,500 ರೂ.ಗಳನ್ನು ವಾಪಸ್ ಜಮಾ ಬರೆದು, ಕೊಡಬೇಕಾದ ಬಾಕಿ ಎಂದು ಪಕ್ಕದಲ್ಲಿ ಗುರುತು ಹಾಕಬೇಕು.

ಹಳೇ ಕಿರ್ದಿಯೇ ಇಲ್ಲ ಎನ್ನುವವರೂ ಸಿಗುತ್ತಾರೆ. ಆಗ ಹಿಂದಿನದನ್ನು ಕಲ್ಪಿಸಿ ಬರೆಯಲು ಕೂರಬೇಡಿ. ‘ಈ ದಿನಾಂಕಕ್ಕೆ ನನ್ನ ಕೈಗೆ ಬಂದದ್ದು ಇಷ್ಟು’ ಎಂದು ಬರೆದು ಅಲ್ಲಿಂದ ಹೊಸ ಪುಸ್ತಕ ತೆರೆಯಿರಿ.

ಬ್ಯಾಂಕಿನಲ್ಲಿ ಸಹಿ ಬದಲಾವಣೆಯನ್ನು ಜುಲೈ ಒಳಗೇ ಮುಗಿಸಿ. ಪದಾಧಿಕಾರಿಗಳನ್ನು ಆರಿಸಿದ ಸಭೆಯ ನಡಾವಳಿ ಪ್ರತಿ, ಹೊಸಬರ ಫೋಟೊ, ಆಧಾರ್, ಪ್ಯಾನ್ ಕೇಳುತ್ತಾರೆ. ಅಕ್ಟೋಬರ್‌ವರೆಗೆ ಬಿಟ್ಟರೆ ರಾಜ್ಯೋತ್ಸವದ ಚೆಕ್ಕಿಗೆ ಸಹಿ ಹಾಕಬೇಕಾದ ಹಳಬರು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿರುತ್ತಾರೆ. ಖಾತೆ ಇಬ್ಬರ ಸಹಿಯಿಂದಲೇ ನಡೆಯಲಿ. ಇಂಥ ಖಾತೆಯಿಂದ ಯುಪಿಐ ಮೂಲಕ ಹಣ ಕಳಿಸಲು ಬ್ಯಾಂಕುಗಳು ಸಾಮಾನ್ಯವಾಗಿ ಬಿಡುವುದಿಲ್ಲ. ಕಿರಿಕಿರಿ ಎನಿಸಿದರೂ ಆ ತಡೆ ಇರುವುದು ಒಳ್ಳೆಯದು. ಅದನ್ನು ತಪ್ಪಿಸಲು ಸಂಘದ ಹಣವನ್ನು ಸ್ವಂತ ಖಾತೆಯಲ್ಲಿ ಇಟ್ಟುಕೊಳ್ಳಲೇಬೇಡಿ. ನಿಮ್ಮ ಮೊಬೈಲ್ ರೀಚಾರ್ಜೂ ಸಂಘದ ಚಂದಾವೂ ಒಂದೇ ಸ್ಟೇಟ್‌ಮೆಂಟಿನಲ್ಲಿ ಬಂದರೆ ಮುಂದೆ ಯಾವ ವಿವರಣೆ ಕೊಟ್ಟರೂ ಜನ ನಂಬುವುದಿಲ್ಲ.

ಬಜೆಟ್: ಬಾಯಿಮಾತಿನ ದುಡ್ಡು ಬೇರೆ ಕಾಲಂಗೆ

ಆದಾಯವನ್ನು ಮೂರು ಕಾಲಂ ಮಾಡಿ: ಕೈಗೆ ಬಂದದ್ದು, ಬರೆದುಕೊಟ್ಟದ್ದು, ಬಾಯಿಮಾತಿನದ್ದು. ಮೊದಲೆರಡರ ಮೇಲೆ ಮಾತ್ರ ಖರ್ಚು ನಿಲ್ಲಬೇಕು. ಒಂದು ಲೆಕ್ಕ ನೋಡೋಣ (ದರಗಳು ಉದಾಹರಣೆಗಷ್ಟೇ). ಹಳೇ ಶಿಲ್ಕು 16,700. 180 ಸದಸ್ಯರಿಂದ ತಲಾ 100ರಂತೆ 18,000. ಕಾಲೇಜಿನ ಅನುದಾನ 15,000. ಬಟ್ಟೆ ಅಂಗಡಿಯೊಂದು ಪತ್ರದಲ್ಲಿ ಒಪ್ಪಿದ 10,000. ಒಟ್ಟು 59,700. ಹಳೇ ವಿದ್ಯಾರ್ಥಿಯೊಬ್ಬರು ‘25 ಸಾವಿರ ನನ್ನ ಕಡೆಯಿಂದ’ ಎಂದು ಫೋನಿನಲ್ಲಿ ಹೇಳಿದ್ದಾರೆ. ಅದು ಮೂರನೇ ಕಾಲಂ, ಬಂದಾಗ ನೋಡೋಣ.

ಆ 59,700ರಲ್ಲಿ ಹತ್ತನೇ ಒಂದು ಭಾಗ, ಸುಮಾರು 6,000, ತುರ್ತಿಗೆ ಎತ್ತಿಡಿ. ಉಳಿದದ್ದು 53,700. ರಾಜ್ಯೋತ್ಸವಕ್ಕೆ ಶಾಮಿಯಾನ, ಕುರ್ಚಿ 14,000. ಧ್ವನಿ, ಬೆಳಕು 9,000. ಡೊಳ್ಳಿನ ತಂಡಕ್ಕೆ 12,000. 300 ಜನಕ್ಕೆ ತಲಾ 35ರ ಉಪಾಹಾರ 10,500. ಬ್ಯಾನರ್, ಶಾಲು, ಹಾರ, ನೆನಪಿನ ಕಾಣಿಕೆ 4,500. ಕೂಡಿದರೆ 50,000. ಅಂದರೆ ನವೆಂಬರ್ ಒಂದರಂದೇ ಸಂಘದ ವರ್ಷ ಮುಗಿಯಿತು. ಫೆಬ್ರವರಿಯ ನಾಟಕಕ್ಕೆ ಉಳಿದದ್ದು 3,700. ಇದನ್ನು ಆಗಸ್ಟಿನಲ್ಲೇ ಕಾಗದದ ಮೇಲೆ ಕಂಡರೆ ದಾರಿಯಿದೆ: ಕಾರ್ಯಕ್ರಮವನ್ನು ಕಾಲೇಜಿನ ಸಭಾಂಗಣಕ್ಕೆ ತಂದು ಶಾಮಿಯಾನ ಬಿಟ್ಟರೆ ನಾಟಕಕ್ಕೆ 17,700 ಸಿಗುತ್ತದೆ. ಅಧ್ಯಕ್ಷರಿಗೆ ಮೈದಾನದ ವೇದಿಕೆಯೇ ಬೇಕೆನಿಸಬಹುದು. ಎರಡೂ ಲೆಕ್ಕ ಸಭೆಯ ಮುಂದಿಡಿ, ತೀರ್ಮಾನ ಸಭೆಯದ್ದು.

ದರ ವಿಚಾರಿಸುವಾಗ ಪಂಚಾಂಗವನ್ನೂ ನೋಡಿ. ನವೆಂಬರ್ ಒಂದರ ಆಸುಪಾಸು ಊರಿನ ಎಲ್ಲ ಸಂಘಗಳಿಗೂ ಅದೇ ಮೈಕ್, ಅದೇ ಕುರ್ಚಿ ಬೇಕು. ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಯ ದಿನಗಳಲ್ಲಂತೂ ಕೇಳುವುದೇ ಬೇಡ. ಒಂದು ತಿಂಗಳು ಮುಂಚೆ ಮುಂಗಡ ಕೊಟ್ಟು, ಒಪ್ಪಿದ ದರವನ್ನು ಬರೆಸಿಕೊಳ್ಳಿ.

ರಸೀದಿ

ರಸೀದಿ ಪುಸ್ತಕಕ್ಕೆ ಮುದ್ರಿತ ಕ್ರಮಸಂಖ್ಯೆ ಇರಬೇಕು, ಕಾರ್ಬನ್ ಪ್ರತಿ ಉಳಿಯಬೇಕು. ಯಾರಿಗೆ ಯಾವ ಪುಸ್ತಕ ಕೊಟ್ಟಿರಿ (1ರಿಂದ 50, 51ರಿಂದ 100) ಎಂದು ಬರೆದು ಸಹಿ ಪಡೆಯಿರಿ. ತಪ್ಪಾದ ರಸೀದಿ ಹರಿಯಬಾರದು. ಎರಡೂ ಪ್ರತಿಗೆ ‘ರದ್ದು’ ಎಂದು ಬರೆದು ಪುಸ್ತಕದಲ್ಲೇ ಇಡಿ. ಒಂದು ನಂಬರ್ ಕಾಣೆಯಾದರೂ ಅದು ಎಷ್ಟು ರೂಪಾಯಿಯದು ಎಂದು ಯಾರೂ ಹೇಳಲಾರರು. 5,000 ರೂ. ಮೀರಿದ ನಗದು ರಸೀದಿಗೆ ಒಂದು ರೂಪಾಯಿಯ ರೆವಿನ್ಯೂ ಸ್ಟ್ಯಾಂಪ್ ಅಂಟಿಸಿ.

ಸ್ಮರಣ ಸಂಚಿಕೆಯ ಜಾಹೀರಾತಿಗೆ ಅಂಗಡಿ ಅಂಗಡಿ ತಿರುಗುವಾಗ ಮಾಲೀಕರು ‘ಏಟಿಜಿ ರಸೀದಿ ಕೊಡ್ತೀರೇನ್ರಿ?’ ಎಂದು ಕೇಳುತ್ತಾರೆ. ದಾನಿಗೆ ತೆರಿಗೆ ವಿನಾಯಿತಿ ಸಿಗುವುದು ಆದಾಯ ತೆರಿಗೆ ಇಲಾಖೆಯಿಂದ 80ಜಿ ಅನುಮೋದನೆ ಪಡೆದ ಸಂಸ್ಥೆಗೆ ಕೊಟ್ಟಾಗ ಮಾತ್ರ. ಅಲ್ಲೂ 2,000 ರೂ. ಮೀರಿ ನಗದು ಕೊಟ್ಟರೆ ಇಲ್ಲ. ನಿಮ್ಮ ಸಂಘಕ್ಕೆ ಆ ಅನುಮೋದನೆ ಇಲ್ಲದಿದ್ದರೆ ‘ಇಲ್ಲ ಸಾರ್’ ಎಂದು ನೇರವಾಗಿ ಹೇಳಿ.

ಯುಪಿಐ ಚಂದಾದಲ್ಲಿ ಸ್ಕ್ರೀನ್‌ಶಾಟ್ ನಂಬಬೇಡಿ. ಅದನ್ನು ತಿದ್ದಬಹುದು, ಒಬ್ಬರದನ್ನೇ ನಾಲ್ವರು ತೋರಿಸಲೂಬಹುದು. 12 ಅಂಕಿಯ ವಹಿವಾಟು ಸಂಖ್ಯೆ ಕೇಳಿ ಪಡೆದು, ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಕಂಡ ಮೇಲೆ ರಸೀದಿ ಹರಿದುಕೊಡಿ.

ವಸೂಲಾದ ನಗದನ್ನು ಪೂರ್ತಿಯಾಗಿ ಬ್ಯಾಂಕಿಗೆ ಕಟ್ಟಿ, ಆಮೇಲೆ ಖರ್ಚಿಗೆ ತೆಗೆಯಿರಿ. 8,000 ವಸೂಲಾಗಿ ಅದರಲ್ಲೇ 1,200 ಪೋಸ್ಟರಿಗೆ ಕೊಟ್ಟು 6,800 ಕಟ್ಟಿದರೆ, ರಸೀದಿ ಒಂದು ಹೇಳುತ್ತದೆ, ಪಾಸ್‌ಬುಕ್ ಇನ್ನೊಂದು ಹೇಳುತ್ತದೆ.

ಬಿಲ್ಲೇ ಕೊಡದವರಿಗೆ

ಮಂಡಕ್ಕಿ, ಮಿರ್ಚಿ ಮಾಡಿಕೊಡುವ ಗಾಡಿಯವರು, ಹೂ ಮಾರುವ ಅಮ್ಮ, ಟಂಟಂ ಆಟೊದವರು ಬಿಲ್ ಕೊಡುವುದಿಲ್ಲ. ಹಾಗಂತ ಆ ಖರ್ಚನ್ನು ‘ಇತರೆ’ ಎಂಬ ಸಾಲಿಗೆ ತುರುಕುವುದು ಸರಿಯಲ್ಲ. ನೂರು ಖಾಲಿ ಓಚರ್ ಮುದ್ರಿಸಿಕೊಳ್ಳಿ: ಕ್ರಮಸಂಖ್ಯೆ, ದಿನಾಂಕ, ಪಡೆದವರ ಹೆಸರು, ಯಾವುದಕ್ಕೆ, ಎಷ್ಟು (ಅಂಕಿ, ಅಕ್ಷರ ಎರಡರಲ್ಲೂ), ಪಡೆದವರ ಸಹಿ ಅಥವಾ ಹೆಬ್ಬೆಟ್ಟು, ಖರೀದಿಸಿದ ಸದಸ್ಯರ ಸಹಿ. ‘ಉಪಾಹಾರ 3,000’ ಎಂದರೆ ಸಾಲದು; ‘ಮಂಡಕ್ಕಿ ಒಗ್ಗರಣೆ, ಮಿರ್ಚಿ, 100 ಪ್ಲೇಟ್, ತಲಾ 30’ ಎಂದಿರಲಿ. ದುಡ್ಡು ಕೊಡುವ ಗಳಿಗೆಯಲ್ಲೇ ಸಹಿ ಪಡೆಯಿರಿ.

ಬಿಲ್ ಕೊಡುವವರದ್ದೂ ಒಂದು ಸಮಸ್ಯೆ. ಮೆಷಿನ್ನಿನಿಂದ ಬರುವ ನುಣುಪು ಕಾಗದದ ಬಿಲ್ ಕೆಲವು ತಿಂಗಳಲ್ಲಿ ಬಿಳಿಚಿಕೊಂಡು ಅಕ್ಷರವೇ ಕಾಣುವುದಿಲ್ಲ. ಅವತ್ತೇ ಜೆರಾಕ್ಸ್ ಮಾಡಿ ಹಿಂದೆ ಪಿನ್ ಹಾಕಿ. ಬಿಳಿ ಚೀಟಿಯ ಮೇಲೆ ಬರೆದುಕೊಟ್ಟ ಕಚ್ಚಾ ಬಿಲ್ಲಿಗೆ ಅಂಗಡಿಯ ಸೀಲ್ ಹಾಕಿಸಿ.

ಸಣ್ಣ ಖರ್ಚಿಗೆ 2,000 ರೂ.ಗಳ ಒಂದು ಡಬ್ಬಿ ಸಾಕು. ಡಬ್ಬಿಯಲ್ಲಿ ಓಚರುಗಳ ಮೊತ್ತ 1,640 ಇದ್ದರೆ ನಗದು 360 ಇರಬೇಕು. ಯಾವಾಗ ತೆರೆದರೂ ಎರಡೂ ಕೂಡಿ 2,000. ಓಚರುಗಳನ್ನು ಕಿರ್ದಿಗೆ ಏರಿಸಿದ ಮೇಲೆ ಬ್ಯಾಂಕಿನಿಂದ 1,640 ತೆಗೆದು ಮತ್ತೆ ತುಂಬಿಸಿ.

ಗೆಳೆಯರ ‘ಬಿಲ್ಲು ಆಮ್ಯಾಲೆ ಕೊಡ್ತೀನಿ ಬಿಡಲೇ’ ಎಂಬ ಮಾತೇ ಈ ಕೆಲಸದ ದೊಡ್ಡ ಕಷ್ಟ. ಮುಂಗಡ ಕೊಟ್ಟರೆ ಮುಂಗಡದ ಪುಟದಲ್ಲಿ ಹೆಸರು ಬರೆದು ಸಹಿ ಪಡೆಯಿರಿ. ಏಳು ದಿನದೊಳಗೆ ಬಿಲ್ ಇಲ್ಲವೇ ಉಳಿಕೆ ದುಡ್ಡು. ಹಳೇದು ಚುಕ್ತಾ ಆಗದೆ ಹೊಸ ಮುಂಗಡವಿಲ್ಲ ಎಂದು ಮೊದಲ ಸಭೆಯಲ್ಲೇ ನಿರ್ಣಯ ಮಾಡಿಸಿ. ಆಗ ನಿಷ್ಠುರ ಮಾಡುವುದು ನೀವಲ್ಲ, ಸಭೆ.

ಕಾರ್ಯಕ್ರಮದ ದಿನ ಸೋರುವ ಜಾಗಗಳು

ಮೈಕ್ ಸೆಟ್ ದರದಲ್ಲಿ ಏನೇನು ಸೇರಿದೆ ಎಂದು ಕೇಳಿರದಿದ್ದರೆ ರಾತ್ರಿ ಲೆಕ್ಕ ಬೆಳೆಯುತ್ತದೆ: ಜನರೇಟರ್ ಡೀಸೆಲ್, ಸಾಗಾಟ, ಹಮಾಲಿ, ಹೊತ್ತು ಮೀರಿದ್ದಕ್ಕೆ ಹೆಚ್ಚುವರಿ. ರಾತ್ರಿ 10ರ ಮೇಲೆ ಧ್ವನಿವರ್ಧಕ ಹಾಕುವಂತಿಲ್ಲ ಎಂಬ ಕಾನೂನಿದೆ. ಒಪ್ಪಂದದ ಚೀಟಿಯಲ್ಲೂ ಅದೇ ಹೊತ್ತನ್ನು ಬರೆಸಿ. ಬ್ಯಾನರ್ ಬಟ್ಟೆಯದ್ದೇ ಇರಲಿ. ಪ್ಲಾಸ್ಟಿಕ್ ಫ್ಲೆಕ್ಸ್ 2016ರಿಂದ ರಾಜ್ಯದಲ್ಲಿ ನಿಷಿದ್ಧ, ಕಿತ್ತುಕೊಂಡು ಹೋದರೆ ಆ ದುಡ್ಡೂ ಹೋಯಿತು.

ಉಪಾಹಾರಕ್ಕೆ ಕೂಪನ್ ಮಾಡಿ. ಅಡುಗೆಯವರಿಗೆ ‘250 ಖಾತ್ರಿ, ಅದರ ಮೇಲೆ ಬಂದ ಕೂಪನ್ ಎಷ್ಟೋ ಅಷ್ಟು’ ಎಂದು ಮಾತಾಡಿಕೊಳ್ಳಿ. ಕೂಪನ್ ಇಲ್ಲದಿದ್ದರೆ ಅವರು ಹೇಳಿದ್ದೇ ಲೆಕ್ಕ.

ನಾಟಕದ ವೇಷಭೂಷಣ ಬಾಡಿಗೆಗೆ ತರುವಾಗ ಕೊಡುವ ಡಿಪಾಸಿಟ್ ಖರ್ಚಲ್ಲ, ವಾಪಸ್ ಬರಬೇಕಾದ ಹಣ. ಅದಕ್ಕೆ ಬೇರೆ ರಸೀದಿ ಪಡೆಯಿರಿ. ಬಾಡಿಗೆಯೊಂದಿಗೆ ಸೇರಿಸಿ ಬರೆದರೆ, ಯಾರೋ ಒಬ್ಬರು ಕಿರೀಟ ಹಿಂದಿರುಗಿಸಿ ಡಿಪಾಸಿಟ್ ಪಡೆದದ್ದು ಯಾರಿಗೂ ಗೊತ್ತಾಗುವುದಿಲ್ಲ. ತರುವಾಗಲೇ ಪ್ರತಿ ಸಾಮಾನಿನ ಫೋಟೊ ತೆಗೆದಿಡಿ. ಮೊದಲೇ ಹರಿದಿದ್ದ ಪೇಟಕ್ಕೆ ದಂಡ ಕಟ್ಟುವುದು ತಪ್ಪುತ್ತದೆ.

ಕಲಾತಂಡಕ್ಕೆ ಸಂಭಾವನೆ, ಪ್ರಯಾಣ, ಊಟ ಮೂರನ್ನೂ ಬಿಡಿಬಿಡಿಯಾಗಿ ಒಪ್ಪಿಕೊಳ್ಳಿ. ಹಣ ತಂಡದ ಮುಖ್ಯಸ್ಥರ ಖಾತೆಗೆ ಹೋದರೂ, ಬಂದ ಕಲಾವಿದರೆಲ್ಲರ ಸಹಿಯ ಪಟ್ಟಿ ಇರಲಿ.

ತಾಳೆಯಾಗದಿದ್ದರೆ

ಕಿರ್ದಿಯಲ್ಲಿ ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಎರಡೂ ಕಡೆ ನಗದು, ಬ್ಯಾಂಕ್ ಎಂಬ ಎರಡು ಕಾಲಂ. ಹೊಸಬರ ಮಾಮೂಲಿ ತಪ್ಪೆಂದರೆ ಬ್ಯಾಂಕಿಗೆ ಕಟ್ಟಿದ ನಗದನ್ನು ಬರೀ ಖರ್ಚೆಂದು ಬರೆಯುವುದು. 8,000 ಕಟ್ಟಿದರೆ ಖರ್ಚಿನ ಬದಿ ನಗದು ಕಾಲಂನಲ್ಲಿ ಒಮ್ಮೆ, ಜಮಾ ಬದಿ ಬ್ಯಾಂಕ್ ಕಾಲಂನಲ್ಲಿ ಇನ್ನೊಮ್ಮೆ ಬರೆಯಬೇಕು. ದುಡ್ಡು ಜಾಗ ಬದಲಿಸಿತಷ್ಟೆ.

ಆದರೂ ವ್ಯತ್ಯಾಸ ಬಂತೇ? ಅದನ್ನು 9ರಿಂದ ಭಾಗಿಸಿ ನೋಡಿ. ಶೇಷವಿಲ್ಲದೆ ಹೋದರೆ ಬಹುಶಃ ಎಲ್ಲೋ ಅಂಕಿ ಅದಲುಬದಲಾಗಿದೆ: 540ಕ್ಕೆ 450 ಬರೆದರೆ ವ್ಯತ್ಯಾಸ 90. ಇಲ್ಲದಿದ್ದರೆ ವ್ಯತ್ಯಾಸದ ಅರ್ಧ ಮೊತ್ತವನ್ನು ಹುಡುಕಿ. 700 ತಪ್ಪಿದರೆ, 350ರ ಯಾವುದೋ ಬಾಬ್ತು ಖರ್ಚಿನ ಬದಲು ಜಮಾ ಬದಿಗೆ ಬಿದ್ದಿರಬಹುದು. ಸಿಗಲಿಲ್ಲವೆಂದು ಸ್ವಂತ ಜೇಬಿನಿಂದ ತುಂಬಿಸಿ ಸುಮ್ಮನಾಗಬೇಡಿ. ‘ವ್ಯತ್ಯಾಸ 700, ಕಾರಣ ತಿಳಿದಿಲ್ಲ’ ಎಂದು ಬರೆದು ಸಭೆಗೆ ತಿಳಿಸಿ. ಜೇಬಿನಿಂದ ತುಂಬಿಸುವ ಖಜಾಂಚಿ, ಹೆಚ್ಚಾದಾಗ ಜೇಬಿಗೆ ಹಾಕಿಕೊಂಡಿರಬಹುದು ಎಂಬ ಅನುಮಾನ ಯಾರಿಗಾದರೂ ಬಂದೇ ಬರುತ್ತದೆ.

ಕಾರ್ಯಕ್ರಮ ಮುಗಿದ 15 ದಿನಕ್ಕೆ ಒಂದು ಪುಟದ ಜಮಾ-ಖರ್ಚು ಪಟ್ಟಿ ನೋಟಿಸ್ ಬೋರ್ಡಿಗೆ ಹೋಗಲಿ. ಬಜೆಟ್ಟಿನ ಅಂಕಿಯೂ ನಿಜವಾದ ಖರ್ಚೂ ಅಕ್ಕಪಕ್ಕ ಇರಲಿ.

ಮುಂದಿನವರಿಗೆ ಒಪ್ಪಿಸುವಾಗ ಕೊಡಬೇಕಾದದ್ದು: ಕಿರ್ದಿ, ಓಚರ್ ಫೈಲು, ಬಳಸಿದ ಮತ್ತು ಬಳಸದ ರಸೀದಿ ಪುಸ್ತಕಗಳು, ಪಾಸ್‌ಬುಕ್, ಹಾಳೆ ಎಣಿಸಿದ ಚೆಕ್‌ಬುಕ್, ಬಾಕಿಯವರ ಪಟ್ಟಿ. ಬ್ಯಾಂಕ್ ಸಂದೇಶಗಳು ಹೊಸಬರ ಮೊಬೈಲಿಗೆ ಬರುವಂತೆ ನಂಬರ್ ಬದಲಿಸಿ. ಸಂಘದ ಕೋಣೆಯ ಬಾಗಿಲಿಗೆ ಯಾರೋ ಹಳಬರು ತಮ್ಮ ಸ್ವಂತ ಖಾತೆಯ ಕ್ಯೂಆರ್ ಕೋಡ್ ಅಂಟಿಸಿ ಹೋಗಿದ್ದರೆ ಅದನ್ನು ಕೆರೆದು ತೆಗೆಯಿರಿ. ಇಲ್ಲದಿದ್ದರೆ ಹೊಸ ವರ್ಷದ ಸದಸ್ಯತ್ವದ ದುಡ್ಡು ಅವರ ಖಾತೆಗೆ ಹೋಗುತ್ತಲೇ ಇರುತ್ತದೆ.