ಪುಕ್ಕಟೆ ಸಿಕ್ಕ ಪಾಠವನ್ನೆಲ್ಲ ತಿದ್ದಿ ಹಂಚಬಹುದೇ?

ಅಂತರ್ಜಾಲದಲ್ಲಿ ದುಡ್ಡಿಲ್ಲದೆ ಸಿಗುವುದೆಲ್ಲ ಮುಕ್ತ ಸಾಮಗ್ರಿಯಲ್ಲ. ಓದಲು ಬಿಟ್ಟಿದ್ದಾರೆ ಎಂದ ಮಾತ್ರಕ್ಕೆ ತಿದ್ದಿ ಹಂಚಲು ಬಿಟ್ಟಿದ್ದಾರೆ ಎಂದಲ್ಲ. ಆ ಅನುಮತಿಯನ್ನು ಮೊದಲೇ ಬರೆದುಕೊಟ್ಟಿರುವ ಪಾಠ, ಚಿತ್ರ, ವಿಡಿಯೊಗಳಿಗೆ ಮುಕ್ತ ಶೈಕ್ಷಣಿಕ ಸಂಪನ್ಮೂಲ ಎಂಬ ಹೆಸರು ಬಂದದ್ದು 2002ರಲ್ಲಿ, ಯುನೆಸ್ಕೊ ಸಭೆಯೊಂದರಲ್ಲಿ. ಇಂಥ ಅನುಮತಿಯನ್ನು ಸಿದ್ಧ ಮಾತುಗಳಲ್ಲಿ ಬರೆದುಕೊಡುವ ಕ್ರಿಯೇಟಿವ್ ಕಾಮನ್ಸ್ (ಸಿಸಿ) ಪರವಾನಗಿಗಳು ಬಂದದ್ದೂ ಅದೇ ವರ್ಷ.

ನೀವು ಶಿಕ್ಷಕರಾಗಿದ್ದು ಇಂಥ ಸಾಮಗ್ರಿಯನ್ನು ತಿದ್ದಿ ಬಳಸುವುದಾದರೆ ಇಡೀ ಪುಸ್ತಕಕ್ಕೆ ಕೈಹಾಕಬೇಡಿ. ಮಕ್ಕಳು ಎಡವುವ ಒಂದೇ ಪಾಠ ಆರಿಸಿಕೊಳ್ಳಿ. ಚಿತ್ರ ಬೇಕಿದ್ದರೆ ವಿಕಿಮೀಡಿಯ ಕಾಮನ್ಸ್, ಕಾಲೇಜು ಮಟ್ಟದ ಪಠ್ಯಕ್ಕೆ ಓಪನ್‌ಸ್ಟ್ಯಾಕ್ಸ್ ನೋಡಬಹುದು.

ಡೌನ್‌ಲೋಡ್ ಒತ್ತುವ ಮೊದಲು ಸಿಸಿ ಪರವಾನಗಿಯ ಹೆಸರಿನಲ್ಲಿರುವ ಅಕ್ಷರಗಳನ್ನು ಓದಿ. ‘ಬಿವೈ’ ಎಂದರೆ ರಚಿಸಿದವರ ಹೆಸರು ಹೇಳಬೇಕು. ‘ಎನ್‌ಸಿ’ ಎಂದರೆ ವ್ಯಾಪಾರಕ್ಕೆ ಬಳಸುವಂತಿಲ್ಲ. ‘ಎಸ್‌ಎ’ ಇದ್ದರೆ ನೀವು ತಿದ್ದಿದ್ದನ್ನೂ ಅದೇ ಪರವಾನಗಿಯಲ್ಲೇ ಹಂಚಬೇಕು. ಮೋಸಹೋಗುವುದು ‘ಎನ್‌ಡಿ’ಯಲ್ಲಿ: ಬದಲಿಸಿದ್ದನ್ನು ಹಂಚುವಂತಿಲ್ಲ, ಮತ್ತು ಅನುವಾದವೂ ಬದಲಾವಣೆಯೇ. ಕಷ್ಟಪಟ್ಟು ಕನ್ನಡಕ್ಕೆ ತಂದ ಪಾಠ ನಿಮ್ಮ ಕಂಪ್ಯೂಟರ್‌ನಲ್ಲೇ ಉಳಿಯುತ್ತದೆ. ಪುಸ್ತಕಕ್ಕೆ ಒಂದು ಪರವಾನಗಿ, ಅದರೊಳಗಿನ ಫೋಟೊಗೆ ಇನ್ನೊಂದು ಇರುವುದೂ ಉಂಟು. ಚಿತ್ರದ ಅಡಿಬರಹವನ್ನೂ ನೋಡಿ.

ಶೀರ್ಷಿಕೆ, ರಚಿಸಿದವರು, ಸಿಕ್ಕ ಜಾಗದ ಲಿಂಕ್, ಪರವಾನಗಿ ಈ ನಾಲ್ಕನ್ನೂ ಆಗಲೇ ಬರೆದಿಡಿ. ನಾಳೆ ಹುಡುಕೋಣವೆಂದರೆ ಸಿಗುವುದಿಲ್ಲ. ಚಿತ್ರದ ಕೆಳಗೆ ಹೀಗೆ ಬರಲಿ: ‘ಎಲೆಯ ಸೀಳುನೋಟ’, ರಚಿಸಿದವರ ಹೆಸರು, ವಿಕಿಮೀಡಿಯ ಕಾಮನ್ಸ್ ಲಿಂಕ್, ಸಿಸಿ ಬಿವೈ-ಎಸ್‌ಎ 4.0, ಭಾಗಗಳ ಹೆಸರು ಕನ್ನಡಕ್ಕೆ ಬದಲಿಸಿದೆ. ಬರೀ ‘ಕೃಪೆ: ಇಂಟರ್ನೆಟ್’ ಎಂದರೆ ಏನನ್ನೂ ಹೇಳಿದಂತಾಗಲಿಲ್ಲ. ಪರವಾನಗಿಯ ಷರತ್ತು ಮುರಿದರೆ ಬಳಸುವ ಹಕ್ಕೇ ಹೋಗುತ್ತದೆ. ಪರವಾನಗಿಯ 4.0 ಆವೃತ್ತಿಯಲ್ಲಿ ಒಂದು ಅನುಕೂಲವಿದೆ: ತಪ್ಪು ಗೊತ್ತಾದ 30 ದಿನದೊಳಗೆ ಸರಿಪಡಿಸಿದರೆ ಕಳೆದುಹೋದ ಹಕ್ಕು ತಾನಾಗಿ ಮರಳುತ್ತದೆ.

ಚಿತ್ರದೊಳಗಿನ ಭಾಗಗಳ ಹೆಸರುಗಳನ್ನು ಬದಲಿಸಲು, ಗೆರೆ-ಅಕ್ಷರಗಳನ್ನು ಬಿಡಿಬಿಡಿಯಾಗಿ ತಿದ್ದಬಹುದಾದ ಎಸ್‌ವಿಜಿ ಕಡತವನ್ನೇ ಇಳಿಸಿಕೊಂಡು ಇಂಕ್‌ಸ್ಕೇಪ್ ಎಂಬ ಉಚಿತ ಚಿತ್ರ ತಂತ್ರಾಂಶದಲ್ಲಿ ತೆರೆಯಿರಿ. ಅಕ್ಷರಗಳ ಮೇಲೆ ಎರಡು ಸಲ ಒತ್ತಿದಾಗ ಕರ್ಸರ್ ಬಾರದಿದ್ದರೆ ಅವು ಅಕ್ಷರಗಳಾಗಿ ಉಳಿದಿರದೆ ಗೆರೆಗಳಾಗಿರಬಹುದು. ಹಾಗಿದ್ದರೆ ಅಳಿಸಿ ಹೊಸದಾಗಿ ಟೈಪ್ ಮಾಡಬೇಕು. ಎಲ್ಲ ಕಂಪ್ಯೂಟರ್‌ಗಳೂ ಕನ್ನಡವೆಂದೇ ಗುರುತಿಸುವ ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಕೂರಿಸಿದ ಹಳೆಯ ಆಸ್ಕಿ ಫಾಂಟ್ ಆದರೆ ಆ ಫಾಂಟ್ ಇಲ್ಲದವರ ಕಂಪ್ಯೂಟರ್‌ನಲ್ಲಿ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ.

ಎರಡು ಕಡೆಯ ಪಠ್ಯವನ್ನು ಕಲಸುವಾಗ ತೊಡಕು ಬರುತ್ತದೆ. ಬಿವೈ-ಎಸ್‌ಎ ಪಠ್ಯವನ್ನೂ ಬಿವೈ-ಎನ್‌ಸಿ-ಎಸ್‌ಎ ಪಠ್ಯವನ್ನೂ ಬೆರೆಸಿ ಒಂದು ಪಾಠ ಮಾಡಿ ಹಂಚಲಾಗದು. ಎರಡೂ ತಮ್ಮ ಪರವಾನಗಿಯೇ ಬೇಕೆನ್ನುತ್ತವೆ. ತಿದ್ದದೆ, ಬೆರೆಸದೆ, ಒಂದರ ಪಕ್ಕ ಒಂದನ್ನು ಅದರದರ ಪರವಾನಗಿ ಸಮೇತ ಇಡಬಹುದು.

ನೀವು ಬರೆದದ್ದನ್ನು ಹಂಚುವಾಗ ಮೊದಲ ಪುಟದಲ್ಲೇ ಪರವಾನಗಿ ನಮೂದಿಸಿ. ಅದಕ್ಕೂ ಮೊದಲು ಪ್ರಕಾಶಕರ ಪುಸ್ತಕದಿಂದ ಸ್ಕ್ಯಾನ್ ಮಾಡಿದ ಚಿತ್ರವೇನಾದರೂ ಒಳಗೆ ಉಳಿದಿದೆಯೇ ನೋಡಿ: ನಿಮ್ಮದಲ್ಲದ್ದಕ್ಕೆ ನೀವು ಪರವಾನಗಿ ಕೊಡಲಾರಿರಿ, ನಿಮ್ಮದಕ್ಕೆ ಒಮ್ಮೆ ಕೊಟ್ಟದ್ದನ್ನು ಹಿಂದಕ್ಕೆ ಪಡೆಯಲಾರಿರಿ.