ಶಿರಸಿಯ ಜಗಲಿಯಲ್ಲಿ ಕೂತು ಅಮೆರಿಕದ ಸುದ್ದಿ ಓದುವ ಕ್ರಮ

ಶಿರಸಿಯ ಅಡಿಕೆ ಯಾರ್ಡಿನಲ್ಲಿ ಟೆಂಡರ್ ಮುಗಿದ ಮೇಲೆ ಮೂರು ದರ ಹೊರಬೀಳುತ್ತದೆ: ಕನಿಷ್ಠ, ಗರಿಷ್ಠ, ಸರಾಸರಿ. ಮನೆಗೆ ಬಂದು ಜಗಲಿಯಲ್ಲಿ ಎಲೆಯಡಿಕೆಯ ಕವಳ ಹಾಕುತ್ತ ಗಂಡಸರು ಹೇಳುವುದು ಗರಿಷ್ಠ ಒಂದನ್ನೇ. ಅದು ಯಾರದೋ ಎರಡು ಮೂಟೆಯ ಲಾಟಿಗೆ ಬಿದ್ದ ದರ ಇದ್ದೀತು. 'ನಮ್ಮ ಚಾಲಿ ಅಡಿಕೆಗೆ ಎಷ್ಟು ಬಂತು?' ಎಂದು ಕೇಳಿ ನೋಡಿ, ಮಾತು ಮಳೆಗೆ ಹೊರಳುತ್ತದೆ. ಇವರಿಗೆ ಸೊಂಟ ಹಿಡಿದ ಮೇಲೆ ಯಾರ್ಡಿಗೆ ನಾನೇ ಹೋಗುತ್ತಿದ್ದೇನೆ, ಹನ್ನೊಂದು ವರ್ಷವಾಯಿತು. ಅಮೆರಿಕದ ಸುದ್ದಿ ಓದಲು ಕಲಿತದ್ದೂ ಅಲ್ಲಿಯೇ ಅನ್ನಬೇಕು.

ನಮ್ಮ ಕೇರಿಯ ಏಳು ಮನೆಗಳಲ್ಲಿ ನಾಲ್ಕು ಮನೆಯ ಮಕ್ಕಳು ಅಲ್ಲಿದ್ದಾರೆ. ವಾಷಿಂಗ್ಟನ್ನಿನಲ್ಲಿ ಯಾರಾದರೂ ಸೀನಿದರೆ ಇಲ್ಲಿ ನಾಲ್ಕು ಒಲೆಯ ಮೇಲೆ ಕಷಾಯ ಕುದಿಯುತ್ತದೆ. ನನಗೆ ಆ ದೇಶದಲ್ಲಿ ಮತವಿಲ್ಲ. ಟ್ರಂಪ್ ಪಕ್ಷದ ಮೇಲೂ ಎದುರು ಪಕ್ಷದ ಮೇಲೂ ಸರಿಸಮ ಅನುಮಾನ ಇಟ್ಟುಕೊಂಡಿದ್ದೇನೆ. ಆದರೆ ಅನುಮಾನಕ್ಕೂ ಒಂದು ಕ್ರಮ ಬೇಕು. 'ಎಲ್ಲಾ ಸುಳ್ಳು ಮಾರಾಯ್ರೆ' ಎಂದು ಮೇಲುಹೊದಿಕೆ ಕೊಡವಿ ಎದ್ದುಹೋಗುವುದು ಸೋಮಾರಿಯ ಅನುಮಾನ, ಅದರಿಂದ ಯಾರ ವೀಸಾಕ್ಕೂ ಉಪಕಾರವಿಲ್ಲ.

ಮೊದಲು ಕೇಳಬೇಕಾದದ್ದು: ಕಾಗದ ಎಲ್ಲಿದ್ದು?

ಅಧ್ಯಕ್ಷರು 'ಮಾಡುತ್ತೇನೆ' ಎಂದು ಹೇಳಿದ್ದು ಒಂದು. ಆದೇಶಕ್ಕೆ ಸಹಿ ಹಾಕಿದ್ದು ಇನ್ನೊಂದು. 435 ಸದಸ್ಯರ ಪ್ರತಿನಿಧಿ ಸಭೆ, 100 ಸದಸ್ಯರ ಸೆನೆಟ್ ಎರಡೂ ಒಪ್ಪಿ, ಅಧ್ಯಕ್ಷರ ಸಹಿ ಬಿದ್ದು ಕಾಯ್ದೆಯಾದದ್ದು ಮತ್ತೊಂದು. ಕೋರ್ಟು ತಡೆದದ್ದು ನಾಲ್ಕನೆಯದು. ನಮ್ಮ ಟಿವಿಯಲ್ಲಿ ನಾಲ್ಕಕ್ಕೂ ಒಂದೇ ಹೆಸರು, 'ಟ್ರಂಪ್ ಶಾಕ್'. 2025ರ ಜನವರಿ 20ರಂದು, ಅಧಿಕಾರಕ್ಕೆ ಬಂದ ದಿನವೇ, ಹುಟ್ಟಿನಿಂದ ಬರುವ ಪೌರತ್ವಕ್ಕೆ ಕತ್ತರಿ ಹಾಕುವ ಆದೇಶಕ್ಕೆ ಟ್ರಂಪ್ ಸಹಿ ಮಾಡಿದರು. ತಾತ್ಕಾಲಿಕ ವೀಸಾದವರ ಮಕ್ಕಳೂ ಅದರೊಳಗೆ ಬರುತ್ತಿದ್ದರು. ಮೇಲಿನ ಮನೆಯ ಸೊಸೆಗೆ ಆಗ ಏಳು ತಿಂಗಳು. ಅವಳ ಅತ್ತೆ ಎರಡು ದಿನ ಊಟ ಬಿಟ್ಟಿದ್ದರು. ಮೂರನೇ ದಿನ ಸಿಯಾಟಲ್ಲಿನ ಫೆಡರಲ್ ನ್ಯಾಯಾಧೀಶರು ತಡೆ ಕೊಟ್ಟರು. ಅಲ್ಲಿ ಹುಟ್ಟಿದವರು ಅಲ್ಲಿಯ ಪ್ರಜೆಗಳು ಎಂಬುದು 1868ರಲ್ಲಿ ಸಂವಿಧಾನದ 14ನೇ ತಿದ್ದುಪಡಿಯಲ್ಲಿ ಬಂದದ್ದು, ಒಂದು ಸಹಿಗೆ ಅಳಿಸುವಂಥದಲ್ಲ ಎಂಬ ವಾದ. ವ್ಯಾಜ್ಯ ಆಮೇಲೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಮಗು ಮಾತ್ರ ಯಾರನ್ನೂ ಕಾಯದೆ ಮಾರ್ಚ್ ತಿಂಗಳಲ್ಲಿ ಹುಟ್ಟಿತು, ಪಾಸ್‌ಪೋರ್ಟೂ ಬಂತು.

ಕಾಗದ ಹುಡುಕುವುದು ಕಷ್ಟವಲ್ಲ. ಸಹಿಯಾದ ಆದೇಶ ವೈಟ್ ಹೌಸಿನ ಜಾಲತಾಣದಲ್ಲಿ ಸಿಗುತ್ತದೆ. ನಮ್ಮ ಗೆಜೆಟ್ ಇದ್ದ ಹಾಗೆ ಅವರಿಗೆ ಫೆಡರಲ್ ರಿಜಿಸ್ಟರ್. ಮಸೂದೆಗಳಿಗೆ ಅಲ್ಲಿಯ ಸಂಸತ್ತಾದ ಕಾಂಗ್ರೆಸ್ಸಿನದೇ ತಾಣವಿದೆ. ಅಲ್ಲಿ ಮಸೂದೆಯ ಸ್ಥಿತಿ 'ಮಂಡನೆ' ಎಂದಷ್ಟೇ ಇದ್ದರೆ ಫೋನು ಕೆಳಗಿಟ್ಟು ದನಕ್ಕೆ ಹುಲ್ಲು ಹಾಕಲು ಹೋಗಬಹುದು. ಯಾವ ಸದಸ್ಯ ಬೇಕಾದರೂ ಮಸೂದೆ ಮಂಡಿಸಬಹುದು. ಬಹುಪಾಲು ಸಮಿತಿಯ ಮೆಟ್ಟಿಲಲ್ಲೇ ಪ್ರಾಣ ಬಿಡುತ್ತವೆ. ಇಂಥದೊಂದು ಮಂಡನೆಯಾದ ದಿನ 'ಭಾರತೀಯರಿಗೆ ಬಾಗಿಲು ಬಂದ್' ಎಂಬ ವಾಟ್ಸಾಪು ಬರುತ್ತದೆ, ಸತ್ತ ದಿನ ಯಾರೂ ಸೂತಕ ಹಿಡಿಯುವುದಿಲ್ಲ.

ಈ ಕ್ರಮ ನನಗೇ ಒಮ್ಮೆ ಅರ್ಧದಲ್ಲಿ ಕೈಕೊಟ್ಟಿತು. ಅದನ್ನೂ ಹೇಳಬೇಕು.

2025ರ ಸೆಪ್ಟೆಂಬರ್ 20, ಶನಿವಾರ. ಮರುದಿನ ಮಹಾಲಯ ಅಮಾವಾಸ್ಯೆ, ಮಾವನವರ ಶ್ರಾದ್ಧ. ಮಗ ಅದಕ್ಕೆಂದೇ ರಜೆ ಹಾಕಿ ಬಂದಿದ್ದ. ಬೆಳಿಗ್ಗೆ ನಾನು ಉದ್ದು ನೆನೆಹಾಕುವ ಲೆಕ್ಕದಲ್ಲಿದ್ದಾಗ ಅವ ಫೋನು ಹಿಡಿದುಕೊಂಡು ಅಡುಗೆಮನೆ ಬಾಗಿಲಿಗೆ ಬಂದು ನಿಂತ. ಮುಖದಲ್ಲಿ ರಕ್ತವಿಲ್ಲ.

"ಆಯಿ, ಆನು ಇವತ್ತೇ ಹೊರಡವು."

ಹೊರದೇಶದ ನೌಕರರಿಗೆ ಕೊಡುವ ಎಚ್-1ಬಿ ವೀಸಾಕ್ಕೆ ಒಂದು ಲಕ್ಷ ಡಾಲರ್ ಶುಲ್ಕ. ಹೊರಗಿದ್ದವರು ಭಾನುವಾರದೊಳಗೆ ದೇಶ ಸೇರಿಕೊಳ್ಳಿ ಎಂದು ಕಂಪನಿಯಿಂದ ಮಿಂಚಂಚೆ. ವಾಣಿಜ್ಯ ಸಚಿವ ಹೊವಾರ್ಡ್ ಲಟ್ನಿಕ್ ಪತ್ರಕರ್ತರ ಮುಂದೆ 'ವರ್ಷಕ್ಕೆ ಇಷ್ಟು' ಎಂದುಬಿಟ್ಟಿದ್ದರು. ನಾನು ಯಾರ್ಡಿನ ಪಟ್ಟಿಯೊಂದನ್ನು ಮಗುಚಿ ಹಿಂದೆ ಲೆಕ್ಕ ಹಾಕಿದೆ. ಗಡುವು ವಾಷಿಂಗ್ಟನ್ನಿನ ಮಧ್ಯರಾತ್ರಿ 12 ಗಂಟೆ 1 ನಿಮಿಷ, ಅಂದರೆ ನಮ್ಮ ಭಾನುವಾರ ಬೆಳಿಗ್ಗೆ 9.31. ಈಗ ಆರು ಗಂಟೆ. ಕೈಯಲ್ಲಿರುವುದು ಇಪ್ಪತ್ತೇಳೂವರೆ ತಾಸು. ಮಳೆಯಲ್ಲಿ ಬೆಂಗಳೂರಿಗೆ ಎಂಟು ತಾಸು, ವಿಮಾನ ನಿಲ್ದಾಣದಲ್ಲಿ ಮೂರು, ನಡುವೆ ಒಂದು ಕಡೆ ಇಳಿದು ಹತ್ತಿದರೆ ಇಪ್ಪತ್ತೆರಡು. ಒಟ್ಟು ಮೂವತ್ತಮೂರು. ಐದೂವರೆ ತಾಸು ಸಾಲ. ಯಾವ ದೇವರು ಅಡ್ಡಬಂದರೂ ತಲುಪುವುದಿಲ್ಲ, ಕೂತುಕೋ ಅಂದೆ. ಕೇಳಲಿಲ್ಲ.

ಟ್ರಂಪ್ ಸಹಿಯ ಘೋಷಣೆಯ ಪಠ್ಯ ಅಷ್ಟರಲ್ಲಿ ಸಿಕ್ಕಿತ್ತು. ಎರಡು ಸಲ ಓದಿದೆ. ಸಚಿವರು ಹೇಳಿದ 'ವರ್ಷಕ್ಕೆ' ಎಂಬ ಶಬ್ದ ಅದರಲ್ಲಿ ಎಲ್ಲೂ ಇರಲಿಲ್ಲ. ಆದರೆ 'ಸದ್ಯ ಅಮೆರಿಕದ ಹೊರಗಿರುವ' ನೌಕರರು ಎಂದು ಇತ್ತು, ನಮ್ಮ ಹುಡುಗನಂತೂ ಹೊರಗೇ ಇದ್ದ. ಈಗಾಗಲೇ ವೀಸಾ ಇದ್ದವರ ಕಥೆ ಏನು ಎಂಬುದು ಓದಿದವರ ಬುದ್ಧಿಗೆ ಬಿಟ್ಟದ್ದು. ಏಳು ಗಂಟೆಗೆ ಕಾರು ಹೊರಟಿತು. ಭಾನುವಾರ ಕೋಳಿ ಕೂಗುವುದರೊಳಗೆ ವೈಟ್ ಹೌಸಿನ ವಕ್ತಾರೆ ಕ್ಯಾರೊಲಿನ್ ಲೆವಿಟ್ ಸ್ಪಷ್ಟನೆ ಕೊಟ್ಟಾಗಿತ್ತು: ಶುಲ್ಕ ಒಂದೇ ಸಲ, ಹೊಸ ಅರ್ಜಿಗಳಿಗೆ ಮಾತ್ರ, ವೀಸಾ ಇದ್ದವರು ಎಂದಿನಂತೆ ಹೋಗಿ ಬರಬಹುದು. ಮಗ ಆಗ ವಿಮಾನ ಹತ್ತುವ ಸಾಲಿನಲ್ಲಿದ್ದ. ಟಿಕೆಟಿನ ದುಡ್ಡು ಹೇಗೂ ವಾಪಸ್ ಬರುವುದಿಲ್ಲ ಎಂದು ಹತ್ತಿಯೇ ಹೋದ. ಶ್ರಾದ್ಧ ಅವನಿಲ್ಲದೆ ಆಯಿತು. ಅವನ ಪಾಲಿನ ಸಿಹಿ ಸುಟ್ಟೇವು ಡಬ್ಬದಲ್ಲಿ ಮೆತ್ತಗಾದವು.

ಅಂದಿನಿಂದ ಎರಡನೇ ಕ್ರಮ ಸೇರಿಸಿದ್ದೇನೆ. ಕಾಗದ ಸಿಕ್ಕ ಮೇಲೂ ಒಂದು ರಾತ್ರಿ ಕಳೆಯಲಿ. ಅದನ್ನು ಜಾರಿ ಮಾಡಬೇಕಾದ ಇಲಾಖೆ ಏನು ಹೇಳುತ್ತದೆ ನೋಡಿ. ಈಗಿನ ಆಡಳಿತದಲ್ಲಿ ಮೊದಲು ಗುಡುಗು, ಆಮೇಲೆ ಮಿಂಚು, ಮಳೆ ಬಂದರೆ ಬಂತು. ಕಾಯಲು ನಿಜಕ್ಕೂ ಪುರುಸೊತ್ತಿಲ್ಲದವರು ವಲಸೆ ವಕೀಲರನ್ನು ಕೇಳಬೇಕು. ಜಗಲಿಯ ವಕೀಲರು ಕವಳದ ಫೀಸಿಗೆ ಸಿಗುತ್ತಾರೆ, ಸಲಹೆಯೂ ಅಷ್ಟರದ್ದೇ.

ಮೂರನೆಯದು ಶಬ್ದದ ತೊಡಕು. 2025ರ ಏಪ್ರಿಲ್ ಕೊನೆಗೆ ಜಗಲಿಯಲ್ಲಿ ಹಬ್ಬವೋ ಹಬ್ಬ: 'ನಮ್ಮ ಬೆಳಗಾವಿ ಕಡೆಯವ ಟ್ರಂಪನ್ನೇ ಇಳಿಸ್ತಾನಂತೆ!' ಹೌದು, ಚಿಕ್ಕೋಡಿಯಲ್ಲಿ ಹುಟ್ಟಿದ ಶ್ರೀ ಥಾನೇದಾರ್ ಮಿಷಿಗನ್ನಿನಿಂದ ಆರಿಸಿಬಂದ ಸಂಸದರು, ಅವರು ಟ್ರಂಪ್ ವಿರುದ್ಧ ವಾಗ್ದಂಡನೆಯ ಏಳು ಆರೋಪ ಮಂಡಿಸಿದ್ದೂ ಹೌದು. ಆದರೆ ಪ್ರತಿನಿಧಿ ಸಭೆ ಬಹುಮತದಿಂದ ವಾಗ್ದಂಡನೆ ಮಾಡಿದರೂ ಅದು ಚಾರ್ಜ್‌ಶೀಟ್ ಹಾಕಿದ ಹಾಗೆ. ಕುರ್ಚಿಯಿಂದ ಇಳಿಸಲು ಸೆನೆಟ್ಟಿನಲ್ಲಿ ಮೂರರಲ್ಲಿ ಎರಡು ಪಾಲು, ನೂರಕ್ಕೆ 67 ಮತ ಬೇಕು. ಟ್ರಂಪ್ ಮೇಲೆ ವಾಗ್ದಂಡನೆ 2019ರಲ್ಲೂ ಆಗಿದೆ, 2021ರಲ್ಲೂ ಆಗಿದೆ, ಎರಡು ಸಲವೂ ಸೆನೆಟ್ ಖುಲಾಸೆ ಮಾಡಿತು. ಈ ದಾರಿಯಲ್ಲಿ ಕುರ್ಚಿ ಕಳೆದುಕೊಂಡ ಅಮೆರಿಕದ ಅಧ್ಯಕ್ಷ ಇವತ್ತಿನವರೆಗೆ ಒಬ್ಬನೂ ಇಲ್ಲ. ಥಾನೇದಾರರ ಪಕ್ಷದವರೇ ಹಿಂದೆ ನಿಲ್ಲಲಿಲ್ಲ. ಮೇ ನಡುವಿಗೆ ಅವರು ಮತಕ್ಕೆ ಹಾಕುವ ಪಟ್ಟು ಬಿಟ್ಟರು. ಜಗಲಿಗೆ ಆ ಸುದ್ದಿ ಬರಲೇ ಇಲ್ಲ. 'ನಮ್ಮವ' ಎಂಬ ಶಬ್ದ ತಲೆಬರಹದಲ್ಲಿ ಕಂಡರೆ ನಾನೀಗ ಎರಡು ಪಟ್ಟು ನಿಧಾನ ಓದುತ್ತೇನೆ.

ವಿಡಿಯೊ ವಿಷಯದಲ್ಲಿ ಮೋಸ ಹೋದವಳು ನಾನೇ. 2024ರ ಬೇಸಿಗೆಯಲ್ಲಿ ಬೈಡನ್ ತಡವರಿಸುವ ತುಣುಕುಗಳು ಓಡಾಡುತ್ತಿದ್ದವು. ವೈಟ್ ಹೌಸಿನವರು ಅವು ಕತ್ತರಿಸಿ ತಿರುಚಿದ ವಿಡಿಯೊ ಅಂದರು. ನಾನು ನಂಬಿದೆ, ಪಕ್ಕದ ಮನೆ ಭಾವನ ಜೊತೆ ಐನೂರು ರೂಪಾಯಿ ಪಂಥ ಬೇರೆ ಕಟ್ಟಿದೆ. ಜೂನ್ 28ರ ಬೆಳಿಗ್ಗೆ ಆರೂವರೆಗೆ, ಅಲ್ಲಿ ಇನ್ನೂ 27ರ ರಾತ್ರಿ, ಟ್ರಂಪ್ ಎದುರು ನಿಂತ ಅವರ ಚರ್ಚೆಯನ್ನು ನೇರಪ್ರಸಾರದಲ್ಲಿ ನೋಡಿದೆ. ಹಾಲು ಉಕ್ಕಿ ಹೋಯಿತು. ಒಂದು ವಾಕ್ಯ ಶುರುವಾಗಿ ಇನ್ನೊಂದರೊಳಗೆ ಬಿದ್ದು ಅಲ್ಲೇ ಕಳೆದುಹೋಗುತ್ತಿತ್ತು. ಜುಲೈ 21ಕ್ಕೆ ಬೈಡನ್ ಕಣದಿಂದಲೇ ಹಿಂದೆ ಸರಿದರು. ತುಣುಕು ತಿರುಚಿದ್ದಿರಬಹುದು, ಮನುಷ್ಯ ದಣಿದದ್ದೂ ನಿಜವಿರಬಹುದು. ಎರಡೂ ಒಟ್ಟಿಗೆ ಇರಲು ಸಾಧ್ಯ ಎಂಬುದು ನನಗೆ ಹೊಳೆದಿರಲಿಲ್ಲ. ಹಾಗಾಗಿ ಮೂವತ್ತು ಸೆಕೆಂಡಿನ ತುಣುಕು ಬಂದರೆ ಇಡೀ ಭಾಷಣ ಹುಡುಕಿ ಆ ಜಾಗದ ಹಿಂದೆ ಮುಂದೆ ಐದು ನಿಮಿಷ ಕೇಳಿ. ಸಿ-ಸ್ಪ್ಯಾನ್ ಎಂಬ ವಾಹಿನಿ ಸದನದ ಕಲಾಪವನ್ನು ವ್ಯಾಖ್ಯಾನವಿಲ್ಲದೆ ಹಾಗೇ ತೋರಿಸುತ್ತದೆ. ಬೇಜಾರು ಬರುತ್ತದೆ, ನಂಬಿಕೆಗೂ ಅದೇ ಕಾರಣ. ಐನೂರು ಕೊಟ್ಟೆ, ಭಾವ ಅದರಲ್ಲಿ ಎಲ್ಲರಿಗೂ ಮಾವಿನಹಣ್ಣು ತಂದ.

ಸುಂಕದ ಸುದ್ದಿಗೆ ಬೇರೆಯೇ ಕಣ್ಣು ಬೇಕು. 2025ರ ಏಪ್ರಿಲ್ 2ರಂದು 'ಪರಸ್ಪರ ಸುಂಕ' ಎಂಬ ಹೆಸರಿನಲ್ಲಿ ಭಾರತಕ್ಕೆ 26 ಶೇಕಡಾ ಅಂದರು, ವಾರದೊಳಗೆ 90 ದಿನ ಮುಂದೂಡಿದರು, ಆಗಸ್ಟಿನಲ್ಲಿ 25 ಹಾಕಿದರು, ರಷ್ಯದ ಎಣ್ಣೆ ಕೊಂಡದ್ದಕ್ಕೆ ಇನ್ನೊಂದು 25 ಸೇರಿಸಿ ಅದೇ ತಿಂಗಳ 27ನೇ ತಾರೀಕಿನಿಂದ 50 ಮಾಡಿದರು. ಆಮೇಲೂ ಮಾತುಕತೆ, ಕೋರ್ಟು ಎಂದು ಹೊರಳುತ್ತಲೇ ಬಂತು. ಆದ್ದರಿಂದ ಸುಂಕದ ಅಂಕಿ ಕಂಡಾಗ ತಾರೀಕು ಸೇರಿಸಿಯೇ ಓದಬೇಕು, ಯಾರ್ಡಿನ ದರದ ಹಾಗೆ. ಎರಡನೆಯದಾಗಿ, ಆ ಸುಂಕವನ್ನು ಅಮೆರಿಕದ ಕಸ್ಟಮ್ಸಿಗೆ ಕಟ್ಟುವವ ಅಲ್ಲಿಯ ಆಮದುದಾರ. 'ಭಾರತ ಕಟ್ಟಬೇಕು' ಎಂದು ಬರೆದರೆ ಬರೆದವರಿಗೆ ವ್ಯಾಪಾರ ಗೊತ್ತಿಲ್ಲ. ಆಮದುದಾರ ಆ ಭಾರವನ್ನು ಅರ್ಧ ಅಲ್ಲಿಯ ಗಿರಾಕಿಯ ಮೇಲೆ, ಅರ್ಧ ಇಲ್ಲಿಯ ಮಾರಾಟಗಾರನ ಮೇಲೆ ದೂಡಲು ನೋಡುತ್ತಾನೆ. ಕುಮಟಾ ಕಡೆಯ ಉಪ್ಪುನೀರಿನ ಗಜನಿ ಗದ್ದೆಗಳಲ್ಲಿ ಸೀಗಡಿ ಬೆಳೆಸುವವರ ಕುತ್ತಿಗೆಗೆ ಬಂದದ್ದು ಆ ದೂಡಾಟ. ಶಿರಸಿಯಲ್ಲಿ ಅದೇ ಆಗಸ್ಟಿನಲ್ಲಿ 'ಕಾಳುಮೆಣಸು ಬಿತ್ತು, ಇದ್ದದ್ದು ಮಾರಿ' ಎಂದು ಗುಲ್ಲೆದ್ದಿತು. ನಾನು ಎರಡು ಚೀಲ ಮಾರದೆ ಇಟ್ಟೆ. ಅಮೆರಿಕದಲ್ಲಿ ಬೆಳೆಯದ ವಸ್ತುವಿಗೆ ಸುಂಕ ಹಾಕಿದರೆ ಅವರದೇ ಅಡುಗೆಮನೆಯಲ್ಲಿ ಗಲಾಟೆ ಏಳುತ್ತದೆ ಎಂಬ ಅಂದಾಜು. ನವೆಂಬರ್ 14ಕ್ಕೆ ಕಾಫಿ, ಚಹಾ, ಬಾಳೆಹಣ್ಣು, ಮಸಾಲೆ ಪದಾರ್ಥಗಳನ್ನು ಟ್ರಂಪ್ ತಾವೇ ಪರಸ್ಪರ ಸುಂಕದ ಪಟ್ಟಿಯಿಂದ ತೆಗೆದರು.

ಲೆಕ್ಕದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಮಿಲಿಯನ್ ಅಂದರೆ ಹತ್ತು ಲಕ್ಷ, ಬಿಲಿಯನ್ ನೂರು ಕೋಟಿ, ಟ್ರಿಲಿಯನ್ ಲಕ್ಷ ಕೋಟಿ. ಅನುವಾದದಲ್ಲಿ ಸೊನ್ನೆ ಉದುರುವುದು ಇಲ್ಲಿಯೇ. ವಾಷಿಂಗ್ಟನ್ನಿನ ಗಡಿಯಾರ ನಮಗಿಂತ ಬೇಸಿಗೆಯಲ್ಲಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ ತಾಸು ಹಿಂದೆ.

ಇನ್ನು ಎರಡೂ ಪಕ್ಷದ ಮೇಲೆ ನನಗಿರುವ ಸಿಟ್ಟಿನ ಬಗ್ಗೆ. 2025ರ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ 43 ದಿನ ಅಲ್ಲಿಯ ಸರ್ಕಾರಿ ಕಚೇರಿಗಳಿಗೆ ಹಣ ಮಂಜೂರಾಗದೆ ಬೀಗ ಬಿತ್ತು, ಅಲ್ಲಿಯವರೆಗಿನ ಅವರ ಇತಿಹಾಸದಲ್ಲೇ ಅಷ್ಟು ಉದ್ದದ್ದು ಇರಲಿಲ್ಲ. ನಮ್ಮಲ್ಲಿ ಬಜೆಟ್ ಬಿದ್ದರೆ ಸರ್ಕಾರವೇ ಬೀಳುತ್ತದೆ. ಅಲ್ಲಿ ಬಿದ್ದದ್ದು ಗುಮಾಸ್ತರ ಪಗಾರ. ವಿಮಾನ ನಿಲ್ದಾಣದ ತಪಾಸಣೆಯವರು ಸಂಬಳವಿಲ್ಲದೆ ದುಡಿದರು, ಅದೇ ಹೊತ್ತಿಗೆ ಸಂಸದರಿಗೆ ಸಂಬಳ ಬರುತ್ತಲೇ ಇತ್ತು. ಒಂದು ಪಕ್ಷದ ವಾಹಿನಿ ಹಾಕಿದರೆ ತಪ್ಪು ಆಚೆಯವರದು, ಇನ್ನೊಂದು ಹಾಕಿದರೆ ಈಚೆಯವರದು. ನಾನು ಆ ದಿನಗಳಲ್ಲಿ ಎರಡನ್ನೂ ನಿಲ್ಲಿಸಿ ಎಪಿ, ರಾಯಿಟರ್ಸ್ ಸುದ್ದಿಸಂಸ್ಥೆಗಳ ಒಣ ವರದಿ ಮಾತ್ರ ಓದಿದೆ. ಅವರೂ ಹರಿಶ್ಚಂದ್ರರಲ್ಲ, ತಪ್ಪು ಮಾಡಿದರೆ ತಿದ್ದುಪಡಿ ಹಾಕುತ್ತಾರೆ ಎಂಬುದಷ್ಟೇ ಸಮಾಧಾನ.

ಮುಂದಿನ ಪರೀಕ್ಷೆ 2026ರ ನವೆಂಬರ್ 3ಕ್ಕೆ. ಪ್ರತಿನಿಧಿ ಸಭೆಯ 435 ಸ್ಥಾನಕ್ಕೂ, ಸೆನೆಟ್ಟಿನ ಸುಮಾರು ಮೂರನೇ ಒಂದು ಪಾಲಿಗೂ ಚುನಾವಣೆ. ಒಂದು ಮಾತು ಮೊದಲೇ ತಿಳಿದಿರಲಿ: ಇಡೀ ದೇಶದ ಫಲಿತಾಂಶ ಘೋಷಿಸುವ ನಮ್ಮಂಥ ಚುನಾವಣಾ ಆಯೋಗ ಅಲ್ಲಿಲ್ಲ. ಆ ರಾತ್ರಿ 'ಗೆದ್ದರು' ಎಂದು ಹೇಳುವುದು ಎಪಿಯಂಥ ಸುದ್ದಿಸಂಸ್ಥೆಗಳು, ಲೆಕ್ಕ ಹಾಕಿ. ಅಧಿಕೃತ ಪ್ರಮಾಣಪತ್ರ ಒಂದೊಂದು ರಾಜ್ಯದಿಂದ ವಾರಗಟ್ಟಲೆ ಆಮೇಲೆ ಬರುತ್ತದೆ. ಅಂಚೆಯಲ್ಲಿ ಬಂದ ಮತ ಎಣಿಸಿದ ಹಾಗೆ ಮುನ್ನಡೆ ಈಚೆಗಿದ್ದದ್ದು ಆಚೆಗೆ ಹೋಗಬಹುದು. ಅದನ್ನು ಮೋಸ ಎಂದು ಕೂಗುವವರು ತಯಾರಾಗಿಯೇ ಕೂತಿರುತ್ತಾರೆ. ಕ್ಯಾಲಿಫೋರ್ನಿಯದಲ್ಲಿ ಮತಗಟ್ಟೆ ಮುಚ್ಚುವಾಗಲೇ ನಮಗೆ 4ರ ಬೆಳಿಗ್ಗೆ ಒಂಬತ್ತೂವರೆ. ಅವತ್ತು ಟಿವಿ ಮುಂದೆ ಕೂತು ಪ್ರಯೋಜನವಿಲ್ಲ. ಕೆಂಪಡಿಕೆಗೆ ಮೊದಲ ಅಡಿಕೆಗೊನೆ ಇಳಿಸಲು ಮರ ಹತ್ತುವ ಕೊನೆಗೌಡನಿಗೆ ಆ ದಿನವೇ ಬಾ ಎಂದು ಹೇಳಿಟ್ಟಿದ್ದೇನೆ.