13 ದಿನ ಕಳೆದ ಮೇಲೆ: ದುಃಖಕ್ಕೊಂದು ಹೊತ್ತು ಗೊತ್ತು ಮಾಡುವ ಬಗೆ

ಮನೆಯಲ್ಲಿ ಸಾವಾದಾಗ ಮೊದಲ ದಿನಗಳು ಹೇಗೋ ಕಳೆದುಹೋಗುತ್ತವೆ. ಬಂದುಹೋಗುವವರು, ಪುರೋಹಿತರ ಪಟ್ಟಿ, ಅಡುಗೆಯವರ ಲೆಕ್ಕ, ಮರಣ ಪ್ರಮಾಣಪತ್ರದ ಓಡಾಟ, ಇವುಗಳ ನಡುವೆ ಅಳುವುದಕ್ಕೂ ಪುರುಸೊತ್ತಿರುವುದಿಲ್ಲ. ವೈಕುಂಠ ಸಮಾರಾಧನೆಯೋ ಶಿವಗಣಾರಾಧನೆಯೋ ಮುಗಿದು, ಶಾಮಿಯಾನ ಬಿಚ್ಚಿ, ನೆಂಟರು ಬಸ್ಸು ಹತ್ತಿದ ಮೇಲೆ ನಿಜವಾದ ದುಃಖ ಶುರುವಾಗುತ್ತದೆ. ಅಲ್ಲಿಂದ ವರ್ಷಾಬ್ದಿಕದವರೆಗೆ ಏನು ಮಾಡಬಹುದು ಎಂಬುದಷ್ಟೇ ಇಲ್ಲಿದೆ.

ದಿನವಿಡೀ ದುಃಖದಲ್ಲೇ ಮುಳುಗಿದರೆ ಮೈ ಮನಸ್ಸು ಎರಡೂ ಸೋಲುತ್ತವೆ. ದಿನವಿಡೀ ಅದುಮಿಟ್ಟರೆ ಅದೇ ದುಃಖ ನಿದ್ದೆಗೇಡಾಗಿ, ಮಕ್ಕಳ ಮೇಲಿನ ಸಿಡುಕಾಗಿ ಹೊರಬರುವುದುಂಟು. ನೆದರ್ಲೆಂಡ್ಸಿನ ಸಂಶೋಧಕರಾದ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ 1999ರಲ್ಲಿ ಮಂಡಿಸಿದ ವಿಚಾರದ ತಿರುಳು ಇದೇ: ದುಃಖಿಸುವುದು, ಬದುಕು ನೋಡಿಕೊಳ್ಳುವುದು, ಇವೆರಡರ ನಡುವೆ ಮನಸ್ಸು ಹೋಗಿಬರುತ್ತಿರಬೇಕು. ಹೀಗೆ ಹೋಗಿಬರುವುದನ್ನು ರೂಢಿಸಿಕೊಳ್ಳುವುದೇ ಸಾಧನೆ.

ಮೊದಲು ಮೈ

ಮೊದಲ ಮೂರು ನಾಲ್ಕು ವಾರ ಧ್ಯಾನ, ಪಾರಾಯಣ ಎಂದು ಹೆಚ್ಚು ಹಚ್ಚಿಕೊಳ್ಳಬೇಡಿ. ಹಸಿವಾಗದಿದ್ದರೂ ಹೊತ್ತಿಗೆ ಸರಿಯಾಗಿ ಗಂಜಿಯೋ ಮೊಸರನ್ನವೋ ಸ್ವಲ್ಪ ಹೊಟ್ಟೆಗಿಳಿಯಲಿ. ಬೆಳಗಿನ ಬಿಸಿಲಲ್ಲಿ 20 ನಿಮಿಷ ನಡೆಯಿರಿ. ರಾತ್ರಿ ನಿದ್ದೆ ಬಾರದಿದ್ದರೆ ಮನೆಯಲ್ಲಿ ಉಳಿದಿರುವ ಯಾರದೋ ನಿದ್ದೆ ಮಾತ್ರೆ ನುಂಗಬೇಡಿ, ವೈದ್ಯರನ್ನು ಕೇಳಿ. ಅಡುಗೆಮನೆಯಲ್ಲಿ ಒಂದು ಸಣ್ಣ ವಿಷಯ ಬಹಳ ಜನರನ್ನು ಕಾಡುತ್ತದೆ: ಕೈ ಅಭ್ಯಾಸಬಲದಿಂದ ಹೋದವರ ಪಾಲಿನ ಅಕ್ಕಿಯನ್ನೂ ಅಳೆದುಬಿಡುತ್ತದೆ. ಅಕ್ಕಿ ಅಳೆಯುವ ಪಾವನ್ನೇ ಬದಲಿಸಿ, ಬೇರೆ ಲೋಟ ಇಟ್ಟುಕೊಳ್ಳಿ. ದಿನಕ್ಕೆರಡು ಸಲ ಆಗುವ ಆ ಚುಚ್ಚು ಕಡಿಮೆಯಾಗುತ್ತದೆ.

20 ನಿಮಿಷ ಕೂರುವುದು

ತಿಂಗಳು ಕಳೆದ ಮೇಲೆ ದಿನವೂ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ 20 ನಿಮಿಷ ಕೂತುಕೊಳ್ಳಿ. ಸಂಜೆ ದೀಪ ಹಚ್ಚಿದ ಮೇಲಿನ ಹೊತ್ತು ಚೆನ್ನ. ಆಮೇಲೆ ನಿದ್ದೆ ಕೆಡುತ್ತದೆ ಎನ್ನುವವರು ಬೆಳಿಗ್ಗೆಗೆ ಬದಲಿಸಿಕೊಳ್ಳಲಿ. ಮೊಬೈಲಿನಲ್ಲಿ ಅಲಾರಂ ಇಡಿ. ಮೊದಲ 5 ನಿಮಿಷ ಉಸಿರು: 4 ಎಣಿಸುತ್ತ ಒಳಕ್ಕೆ, 6 ಎಣಿಸುತ್ತ ಹೊರಕ್ಕೆ. ಉಸಿರು ಬಿಗಿಹಿಡಿಯುವುದು ಬೇಡ. ನಂತರದ 10 ನಿಮಿಷ ಹೋದವರ ನೆನಪು ಬರಲಿ. ಅಳು ಬಂದರೆ ಅಳಿ, ಬಾರದಿದ್ದರೆ ಸುಮ್ಮನಿರಿ. ಕೊನೆಯ 5 ನಿಮಿಷ ನಿಮಗೆ ರೂಢಿಯಿರುವ ಜಪವನ್ನೋ ಪ್ರಾರ್ಥನೆಯನ್ನೋ ಬಾಯಿಬಿಟ್ಟು ಹೇಳಿ. ಅಲಾರಂ ಹೊಡೆದ ಕೂಡಲೇ ಎದ್ದು ಮುಖ ತೊಳೆದು ಕೈಗೆ ಕೆಲಸ ಕೊಡಿ: ಸೊಪ್ಪು ಬಿಡಿಸುವುದು, ಹೂ ಕಟ್ಟುವುದು, ಗಿಡಕ್ಕೆ ನೀರು ಹಾಕುವುದು. ಹೀಗೆ ಏಳುವುದು ಕೂತಷ್ಟೇ ಮುಖ್ಯ. ಹಗಲಲ್ಲಿ ದುಃಖ ಉಕ್ಕಿದಾಗ ‘ಸಂಜೆ ಕೂರುತ್ತೇನೆ’ ಎಂದು ಹೇಳಿಕೊಳ್ಳುವ ಬಲ ಬರುವುದು ಈ ಏಳುವ ಅಭ್ಯಾಸದಿಂದ.

ಕೆಡುವುದು ಎಲ್ಲಿ? ಕಣ್ಣು ಮುಚ್ಚಿದೊಡನೆ ಐಸಿಯು, ಅಪಘಾತದ ದೃಶ್ಯಗಳೇ ಮರುಕಳಿಸಿದರೆ ಮೌನ ಧ್ಯಾನ ಆ ಹೊತ್ತಿಗೆ ನಿಮಗಲ್ಲ. ಕಣ್ಣು ತೆರೆದು, ಪಾದ ನೆಲಕ್ಕೂರಿ, ಕೋಣೆಯಲ್ಲಿ ಕಾಣುವ ಐದು ವಸ್ತುಗಳ ಹೆಸರು ಗಟ್ಟಿಯಾಗಿ ಹೇಳಿ. ಕೆಲವು ವಾರ ನಡೆಯುತ್ತ ಜಪ ಮಾಡಿದರೆ ಸಾಕು. ಇದೇ ಕಾರಣಕ್ಕೆ ಮೊದಲ ಆರು ತಿಂಗಳು 10 ದಿನದ ಮೌನ ಶಿಬಿರಗಳಿಗೆ ಹೋಗದಿರುವುದು ಒಳ್ಳೆಯದು.

ಪ್ರಾರ್ಥನೆಯೇ ಬಾಯಿಗೆ ಬಾರದಷ್ಟು ದೇವರ ಮೇಲೆ ಸಿಟ್ಟಿದ್ದರೆ ದೀಪ ಮಾತ್ರ ಹಚ್ಚಿ, ಇಲ್ಲವೇ ಬೈಯಿರಿ. ಹರಿದಾಸರ ಹಾಡುಗಳಲ್ಲಿ ನಿಂದಾಸ್ತುತಿ ಎಂಬ ಬಗೆಯೇ ಇದೆ, ಬೈಯುವುದೂ ಭಕ್ತಿಯೊಳಗಿನದೇ. ‘ಎಲ್ಲಾ ಪೂರ್ವಜನ್ಮದ ಕರ್ಮ’ ಎಂದು ಯಾರಾದರೂ ಸಮಾಧಾನ ಹೇಳಿದರೆ ತಲೆಯಾಡಿಸಬೇಕಿಲ್ಲ. ‘ಅದು ಬೇಡ, ಅವರ ಬಗ್ಗೆ ಏನಾದರೂ ನೆನಪಿದ್ದರೆ ಹೇಳಿ’ ಎನ್ನಿ. ಮಗುವನ್ನು ಕಳೆದುಕೊಂಡ ತಾಯಿಗೆ ಕರ್ಮದ ಮಾತು ಹೇಳುವುದು ಕ್ರೌರ್ಯ.

‘ಆವತ್ತೇ ಆಸ್ಪತ್ರೆಗೆ ಕರೆದೊಯ್ದಿದ್ದರೆ’ ಎಂಬ ಕೊರಗಿಗೆ ಬರವಣಿಗೆ ಒಂದು ದಾರಿ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ತಮ್ಮ ಬದುಕಿನ ನೋವಿನ ಅನುಭವಗಳನ್ನು ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆದಿದ್ದರು. ಅಳತೆ ಅಷ್ಟೇ ಇರಲಿ. ಹೋದವರಿಗೇ ಕಾಗದ ಬರೆದಂತೆ ಬರೆಯಿರಿ, ಕಾಗುಣಿತ ನೋಡಬೇಡಿ, ಯಾರಿಗೂ ತೋರಿಸಬೇಡಿ. ಬರೆದ ಕೂಡಲೇ ಮನಸ್ಸು ಇನ್ನಷ್ಟು ಕುಗ್ಗುವುದು ಸಹಜ, ಹಾಗಾಗಿ ಮಲಗುವ ಮುಂಚೆ ಬೇಡ. ಮೂರನೇ ದಿನವೂ ಅದೇ ಆರೋಪದ ಸಾಲು ಸುತ್ತುತ್ತಿದ್ದರೆ ಪುಸ್ತಕ ಮುಚ್ಚಿ, ನಂಬಿಕೆಯ ಒಬ್ಬರಿಗೆ ಬಾಯಲ್ಲಿ ಹೇಳಿ.

ಬಟ್ಟೆಬರೆ, ಕನ್ನಡಕ, ಮಾತ್ರೆ ಡಬ್ಬಿಗಳನ್ನು ಒಂದೇ ದಿನ ಖಾಲಿ ಮಾಡಬೇಡಿ. ಮಾತ್ರೆಗಳು ಮೊದಲು ಹೋಗಲಿ. ಉಳಿದದ್ದರಲ್ಲಿ ಇಡುವುದು, ಕೊಡುವುದು, ಆಮೇಲೆ ನೋಡುವುದು ಎಂದು ಮೂರು ಗುಂಪು ಮಾಡಿ. ಫೋನಿನಲ್ಲಿರುವ ಧ್ವನಿ ಸಂದೇಶ, ಫೋಟೊಗಳನ್ನು ಎರಡು ಕಡೆ ಉಳಿಸಿ. ತೀರಾ ಅನಿವಾರ್ಯವಲ್ಲದಿದ್ದರೆ ಮನೆ, ಜಮೀನು ಮಾರುವ ತೀರ್ಮಾನವನ್ನು ವರ್ಷ ಕಳೆಯುವವರೆಗೆ ಮುಂದೂಡಿ.

ಬೇರೆಯವರಿಗಾಗಿ ಏನಾದರೂ ಮಾಡಬೇಕೆಂಬ ತುಡಿತ ತಾನಾಗಿ ಬಂದರೆ ವಾರಕ್ಕೊಮ್ಮೆ, ಎರಡು ಗಂಟೆಯ ಸೇವೆ ಸಾಕು. ಹೋದವರನ್ನು ಒಯ್ದ ಕಾಯಿಲೆಯ ವಾರ್ಡಿನಿಂದಲೇ ಶುರುಮಾಡಬೇಡಿ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರಿಚರ್ಡ್ ಟೆಡೆಸ್ಕಿ, ಲಾರೆನ್ಸ್ ಕ್ಯಾಲ್ಹೂನ್ 1996ರಲ್ಲಿ ಆಘಾತದ ನಂತರದ ಬೆಳವಣಿಗೆಯನ್ನು, ಅಂದರೆ ದೊಡ್ಡ ನೋವುಂಡವರಲ್ಲಿ ಆಗುವ ಒಳ್ಳೆಯ ಬದಲಾವಣೆಯನ್ನು, ಅಳೆಯಲು ಮಾಡಿದ ಪ್ರಶ್ನಾವಳಿಯಲ್ಲಿ ಆಧ್ಯಾತ್ಮಿಕ ಬದಲಾವಣೆಯೂ ಒಂದು ಅಂಶ. ಆದರೆ ಈ ಬೆಳವಣಿಗೆ ನೋವು ಮುಗಿದ ಮೇಲೆ ಬರುವಂಥದ್ದಲ್ಲ, ನೋವಿನ ಜೊತೆಜೊತೆಗೇ ಇರುತ್ತದೆ. ‘ನಾನಿನ್ನೂ ಅಳುತ್ತೇನೆ, ನನ್ನ ಸಾಧನೆ ಸೋತಿತು’ ಎಂಬ ಲೆಕ್ಕ ಅದಕ್ಕೇ ತಪ್ಪು.

ನೆರವು ಯಾವಾಗ ಕೇಳಬೇಕು

ಆರು ತಿಂಗಳು ದಾಟಿದರೂ ಹಂಬಲ ಒಂದಿಷ್ಟೂ ತಗ್ಗದೆ, ಸ್ನಾನ, ಕೆಲಸ, ಮಕ್ಕಳ ಆರೈಕೆ ನಡೆಯದಂತಾದರೆ ಅದು ಚಿಕಿತ್ಸೆ ಬೇಕಾದ ಸ್ಥಿತಿ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಎಂಬ ಕಾಯಿಲೆಗಳ ಪಟ್ಟಿಯಲ್ಲಿ ದೀರ್ಘಕಾಲದ ದುಃಖದ ಕಾಯಿಲೆಗೆ ಹಾಕಿರುವ ಗಡುವೂ ಆರು ತಿಂಗಳೇ. ಸಾಯಬೇಕೆನಿಸಿದರೆ ಯಾವ ಗಡುವೂ ಕಾಯಬೇಡಿ: ಕೂಡಲೇ ಮನೆಯವರಿಗೆ ಹೇಳಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ವರ್ಷಾಬ್ದಿಕದ ಹಿಂದಿನ ವಾರ ನಿದ್ದೆ, ಹಸಿವು ಮತ್ತೆ ಕೆಡಬಹುದು. ಹುಟ್ಟಿದ ದಿನ, ಮದುವೆಯ ದಿನ, ಮೊದಲ ಯುಗಾದಿಯೂ ಹಾಗೆಯೇ. ಕ್ಯಾಲೆಂಡರಿನಲ್ಲಿ ಮುಂಚೆಯೇ ಗುರುತು ಹಾಕಿ, ಒಡಹುಟ್ಟಿದವರಲ್ಲಿ ಒಬ್ಬರಿಗೆ ಆ ದಿನ ಬಂದಿರಲು ಹೇಳಿ, ಮರುದಿನಕ್ಕೂ ರಜೆ ಹಾಕಿಕೊಳ್ಳಿ.